ಹಡಗಿನ ತಳವೂ ಗಿಡದ ಸತ್ವವೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ದಿನಗಳಲ್ಲಿ ನಾಡಿನ ಹಿರಿಮೆಯನ್ನೋ ಹಳೆಯ ಕವಿಗಳ ಗುಣಗಾನವನ್ನೋ ಕೇಳುವುದು ನಮ್ಮ ರೂಢಿ. ಅಂಥ ವೇದಿಕೆಯ ಮೇಲೆ ನಿಂತು ಹಡಗಿನ ತಳಕ್ಕೆ ಮೆತ್ತಿಕೊಳ್ಳುವ ಕೊಳೆಯ ಮಾತನ್ನೆತ್ತಿದರೆ ಕೆಲವರಿಗೆ ನಗು ಬಂದೀತು. ಆದರೆ ಕಾರ್ಯದರ್ಶಿಗಳು, ನಿಮಗೆ ಗೊತ್ತಿರುವುದನ್ನೇ ಹೇಳಿರಿ, ಗೊತ್ತಿಲ್ಲದುದನ್ನು ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ ಎಂದು ಅಪ್ಪಣೆ ಕೊಟ್ಟರು. ನಮಗೆ ಗೊತ್ತಿರುವುದು ಇದೇ. ನಾವು ಕೆಲವರು ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಈ ಮುಂಬಯಿಗೆ ಬಂದು ಗೋದಿಯಲ್ಲಿ ವರುಷಗಟ್ಟಲೆ ದುಡಿದವರು. ಗೋದಿ ಎಂದೊಡನೆ ಊರಿಂದ ಬಂದ ನೆಂಟರು ಚಪಾತಿಯ ಗೋಧಿಯೆಂದು ತಿಳಿಯುತ್ತಾರೆ. ಇದು ಆ ಗೋಧಿಯಲ್ಲ, ಹಡಗುಕಟ್ಟೆ. ಅಲ್ಲಿ ಒಣ ಗೋದಿ ಎಂಬುದೊಂದುಂಟು. ದೊಡ್ಡ ಕೆರೆಯಂಥ ಕಲ್ಲಿನ ಗುಂಡಿಗೆ ಹಡಗನ್ನು ತಂದು ನಿಲ್ಲಿಸಿ, ಬಾಗಿಲು ಮುಚ್ಚಿ, ನೀರನ್ನು ಹೊರಗೆ ಹಾಯಿಸಿಬಿಟ್ಟರೆ, ಅಷ್ಟು ದಿನ ನೀರಿನಡಿಯಲ್ಲಿ ಅಡಗಿದ್ದ ಹೊಟ್ಟೆಯೆಲ್ಲ ಬಯಲಾಗುವುದು.

ಮೊದಲ ಸಲ ಅದನ್ನು ಕಂಡವರು ಮೂಗು ಮುಚ್ಚಿಕೊಳ್ಳದೆ ಇರಲಾರರು. ಮೇಲೆ ನೋಡಿದರೆ ಬಣ್ಣ ಬಳಿದ ಚೊಕ್ಕ ಹಡಗು; ಕೆಳಗೆ ನೋಡಿದರೆ ಗಡ್ಡ ಬೆಳೆಸಿದ ಬೈರಾಗಿ! ಹಸಿರು ಪಾಚಿಯ ಎಳೆಗಳು ತೊಟ್ಟಿಕ್ಕುತ್ತಿರುತ್ತವೆ. ಅವುಗಳ ನಡುವೆ ಸುಣ್ಣದ ಮೊಗ್ಗುಗಳಂತೆ ಸಾವಿರ ಸಾವಿರ ಚಿಪ್ಪುಗಳು. ಇಂಗ್ಲಿಷಿನವರು ಬಾರ್ನಕಲ್ ಎನ್ನುವುದು ಇವಕ್ಕೇ. ನಮ್ಮೂರ ಬಂಡೆಗಳ ಮೇಲೆ ಬರಿಗಾಲಿನಲ್ಲಿ ನಡೆದು ಅಂಗಾಲು ಕೊಯ್ದುಕೊಂಡವರಿಗೆಲ್ಲ ಇದರ ಪರಿಚಯವುಂಟು. ಜೊತೆಗೆ ಪಚ್ಚಿಲೆಯ ಗೊಂಚಲುಗಳು, ಬಿಳಿಯ ಕೊಳವೆಯೊಳಗೆ ಕುಳಿತ ಹುಳುಗಳು, ಸ್ಪಂಜಿನ ತುಂಡುಗಳು. ಅವೆಲ್ಲ ಒಂದೆರಡು ಹಗಲಿನಲ್ಲಿ ಕೊಳೆಯತೊಡಗಿದರೆ ಆ ವಾಸನೆಯನ್ನು ಬಣ್ಣಿಸುವ ಶಕ್ತಿ ನಮ್ಮ ಭಾಷೆಗೂ ಇಲ್ಲ. ಅದನ್ನು ಹೆರೆದು ತೆಗೆಯುವುದು, ತಿಕ್ಕುವುದು, ಮತ್ತೆ ಬಣ್ಣ ಹೊಡೆಯುವುದು, ಇದೇ ನಮ್ಮ ಕಸುಬಾಗಿತ್ತು.

ಇವೆಲ್ಲ ಹೇಗೆ ಬಂದು ಸೇರುತ್ತವೆ? ಹೊಸ ಹಲಗೆಯನ್ನೋ ತಗಡನ್ನೋ ಸಮುದ್ರಕ್ಕೆ ಇಳಿಬಿಟ್ಟ ಕೆಲವೇ ನಿಮಿಷಗಳಲ್ಲಿ, ನೀರಿನಲ್ಲಿ ಕರಗಿರುವ ಜೀವದ್ರವ್ಯಗಳು ಅದರ ಮೇಲೆ ಕಾಣದಂಥ ಒಂದು ಪೊರೆಯನ್ನು ಕಟ್ಟುತ್ತವೆ. ಕೆಲವು ಗಂಟೆಗಳೊಳಗೆ ಬ್ಯಾಕ್ಟೀರಿಯಗಳು ಬಂದು ಆ ಪೊರೆಯ ಮೇಲೆ ಮನೆಮಾಡಿ ಅಂಟನ್ನು ಸುರಿಸುತ್ತವೆ. ಅದರ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು. ಕೈಯಿಟ್ಟರೆ ಜಾರುವ ಲೋಳೆ ಎನ್ನುತ್ತೇವಲ್ಲ, ಅದು ಇವೆಲ್ಲ ಸೇರಿ ಆದದ್ದು. ಬಳಿಕ ಪಾಚಿಯ ಬೀಜಕಣಗಳು, ಕೊನೆಗೆ ಚಿಪ್ಪಿನ ಪ್ರಾಣಿಗಳ ಮರಿಗಳು. ಈ ಸಾಲು ಯಾವಾಗಲೂ ಹೀಗೇ ತಪ್ಪದೆ ನಡೆಯಬೇಕೆಂದಿಲ್ಲ. ಸಮಯ ಸಿಕ್ಕರೆ ಚಿಪ್ಪಿನ ಮರಿ ಲೋಳೆಗೆ ಕಾಯದೆಯೂ ಬಂದು ಕೂರುತ್ತದೆ. ರೈಲುಡಬ್ಬಿಯಲ್ಲಿ ಜಾಗ ಹಿಡಿಯುವವರಿಗೆ ಸರದಿಯ ಸಾಲು ಗೊತ್ತೇ?

ಬಾರ್ನಕಲ್ಲಿನ ಕಥೆ ಸ್ವಾರಸ್ಯವಾದುದು. ಚಿಪ್ಪು ನೋಡಿ ಅದನ್ನು ಪಚ್ಚಿಲೆಯ ದಾಯಾದಿಯೆಂದು ತಿಳಿಯಬೇಡಿರಿ. ಅದು ಸಿಗಡಿ ಏಡಿಗಳ ಬಳಗದ್ದು. ಮೊಟ್ಟೆಯೊಡೆದು ಬಂದ ಮರಿ ನೀರಿನಲ್ಲಿ ಈಜಾಡಿ ಆರು ಸಲ ಪೊರೆ ಕಳಚಿದ ಮೇಲೆ ಬೇರೊಂದು ರೂಪ ತಾಳುತ್ತದೆ. ಈ ರೂಪದಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಹಿಂದೆ ತಿಂದು ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಅದಕ್ಕಿರುವುದು ಒಂದೇ ಕೆಲಸ: ನೆಲೆ ಹುಡುಕುವುದು. ಮುಂದಿನ ಎರಡು ಮೀಸೆಗಳ ಮೇಲೆ ಮೆಲ್ಲನೆ ನಡೆಯುತ್ತ, ಇಲ್ಲಿ ಮುಟ್ಟಿ ಅಲ್ಲಿ ಮುಟ್ಟಿ, ಒರಟೋ ನುಣುಪೋ, ತಮ್ಮವರು ಯಾರಾದರೂ ಇಲ್ಲಿ ಇದ್ದಾರೋ ಎಂದೆಲ್ಲ ಪರೀಕ್ಷೆ ಮಾಡಿ, ಒಪ್ಪಿದರೆ ಒಂದು ಅಂಟನ್ನು ಸುರಿಸಿ ತಲೆಕೆಳಗಾಗಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಬದುಕಿರುವ ತನಕ ಬಿಡಾರ ಬದಲಿಸುವಂತಿಲ್ಲ. ಸುತ್ತಲೂ ಸುಣ್ಣದ ಗೋಡೆ ಕಟ್ಟಿಕೊಂಡು, ಕಾಲುಗಳನ್ನು ಹೊರಚಾಚಿ ಆಹಾರವನ್ನು ಬಾಚಿ ಬಾಯಿಗೆ ಹಾಕಿಕೊಳ್ಳುವುದು. ತಮ್ಮ ಊರಿನವರು ನೆಲೆಸಿದ ಚಾಳನ್ನೇ ಹುಡುಕಿಕೊಂಡು ಮುಂಬಯಿಗೆ ಬಂದಿಳಿದ ನಮ್ಮ ಹಿರಿಯರ ನೆನಪು ಇದರಿಂದ ಬಂದರೆ ಅದು ನಮ್ಮ ತಪ್ಪಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ನನು ೧೮೪೬ರಿಂದ ೧೮೫೪ರ ತನಕ ಎಂಟು ವರುಷ ಈ ಪ್ರಾಣಿಯನ್ನೇ ಕೊಯ್ದು ನೋಡುತ್ತ ಕುಳಿತಿದ್ದನು. ಆತನ ಮಕ್ಕಳಲ್ಲೊಬ್ಬರು ನೆರೆಮನೆಯವರ ವಿಷಯವಾಗಿ, ಹಾಗಾದರೆ ಅವರು ತಮ್ಮ ಬಾರ್ನಕಲ್ಲಿನ ಕೆಲಸವನ್ನು ಎಲ್ಲಿ ಕೂತು ಮಾಡುತ್ತಾರೆ ಎಂದು ಕೇಳಿದರಂತೆ. ಎಲ್ಲ ತಂದೆಯರೂ ಅದನ್ನೇ ಮಾಡುತ್ತಾರೆಂದು ಆ ಮಗುವಿನ ಎಣಿಕೆ!

ಇಷ್ಟು ಪುಟ್ಟ ಪ್ರಾಣಿ ದೊಡ್ಡ ಹಡಗಿಗೆ ಏನು ಮಾಡೀತು ಎನ್ನಬಹುದು. ೨೦೦೭ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಅಮೆರಿಕದ ನೌಕಾಪಡೆಯ ಒಂದು ಬಗೆಯ ಹಡಗಿನ ತಳದಲ್ಲಿ ಚಿಪ್ಪು ದಟ್ಟವಾಗಿ ಕಟ್ಟಿದರೆ, ಅದೇ ವೇಗದಲ್ಲಿ ಸಾಗಲು ಶೇಕಡಾ ೮೬ರಷ್ಟು ಹೆಚ್ಚು ಶಕ್ತಿ ಬೇಕು. ಬರಿಯ ಲೋಳೆ ಕಟ್ಟಿದರೂ ಎಣ್ಣೆಯ ಖರ್ಚು ಏರದೆ ಇರದು. ಖರ್ಚಿನ ಮಾತು ಹಡಗಿನ ಒಡೆಯರದಾಯಿತು. ಹೊಗೆಯ ಮಾತು ಎಲ್ಲರದು. ಇನ್ನೊಂದು ಕೇಡೂ ಉಂಟು. ತಳಕ್ಕೆ ಅಂಟಿದ ಪ್ರಾಣಿ ಟಿಕೇಟಿಲ್ಲದೆ ದೇಶಾಂತರ ಹೋಗುತ್ತದೆ. ಉಷ್ಣವಲಯದ ಅಮೆರಿಕದ ಕರಾವಳಿಯ ಒಂದು ಕಪ್ಪು ಪಟ್ಟೆಯ ಸಣ್ಣ ಪಚ್ಚಿಲೆ ೧೯೬೭ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಾಣಿಸಿಕೊಂಡು, ಆ ಮೇಲೆ ಮುಂಬಯಿಯ ಬಂದರಿಗೂ ಬಂದು ನೆಲೆಸಿತು. ಮತ್ತೆ ಅದನ್ನು ಹೊರಡಿಸುವುದು ಯಾರಿಂದಲೂ ಆಗಲಿಲ್ಲ. ಮದರಾಸಿನ ಕಡೆ ಕಲ್ಪಾಕ್ಕಮಿನ ಅಣುವಿದ್ಯುತ್ ಕೇಂದ್ರಕ್ಕೆ ಸಮುದ್ರದ ನೀರು ತರುವ ಸುರಂಗದಲ್ಲಿ ಪಚ್ಚಿಲೆಗಳು ನೂರಾರು ಟನ್ ತೂಕದಷ್ಟು ಬೆಳೆದು ಎಂಜಿನಿಯರರನ್ನು ಕಾಡಿದ ಸಂಗತಿಯೂ ಉಂಟು. ಅಲ್ಲಿ ಕ್ಲೋರೀನ್ ಹಾಯಿಸಿ ತಡೆಯುತ್ತಾರೆ.

ಈಗ ಪರಿಹಾರದ ಮಾತು. ಈ ವಿಷಯ ಬಂದಾಗಲೆಲ್ಲ ನಮ್ಮ ಕರಾವಳಿಯ ಹಿರಿಯರು, ಇದೇನು ಹೊಸದು, ನಮ್ಮ ಅಜ್ಜಂದಿರಿಗೆ ಗೊತ್ತಿರಲಿಲ್ಲವೇ ಎನ್ನುತ್ತಾರೆ. ಗೊತ್ತಿತ್ತು, ನಿಜ. ದೋಣಿಯ ಹಲಗೆಯ ಸಂದಿಗೆ ಹತ್ತಿ ತುರುಕಿ ಧೂಪದ ಮರದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮೆತ್ತುತ್ತಿದ್ದರು. ಬೂತಾಯಿ ಮೀನಿನ ಎಣ್ಣೆಯನ್ನು ಹಲಗೆಗೆ ಕುಡಿಸುತ್ತಿದ್ದರು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನಂತೂ ಹೇಳಲೇಬೇಕಾಗಿಲ್ಲ. ಹಸಿ ಗೇರುಬೀಜವನ್ನು ಸುಡಲು ಹೋಗಿ ತುಟಿ ಕೈ ಸುಟ್ಟುಕೊಳ್ಳದ ಮಕ್ಕಳು ನಮ್ಮ ಕಡೆ ಇಲ್ಲ. ನೈಲಾನ್ ಬರುವ ಮುಂಚೆ ಹತ್ತಿನೂಲಿನ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. ತೊಗಟೆಯ ಒಗರು ಬಲೆಯನ್ನು ಕೊಳೆಯಗೊಡುತ್ತಿರಲಿಲ್ಲ.

ಆದರೆ ಅಭಿಮಾನದ ಭರದಲ್ಲಿ ಒಂದು ಮಾತನ್ನು ಮರೆಯಬಾರದು. ಅಜ್ಜನ ದೋಣಿ ಚೊಕ್ಕಟವಾಗಿದ್ದುದಕ್ಕೆ ಎಣ್ಣೆಯೊಂದೇ ಕಾರಣವಲ್ಲ. ಸಂಜೆಗೆ ಮನೆಯವರು ನೆರೆಯವರು ಸೇರಿ ದೋಣಿಯನ್ನು ಮರಳಿನ ಮೇಲಕ್ಕೆ ಎಳೆದು ಹಾಕುತ್ತಿದ್ದರು. ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ಮಡಲಿನ ಚಪ್ಪರದಡಿಯಲ್ಲಿ ಮಲಗಿರುತ್ತಿತ್ತು. ನೀರಿಲ್ಲದೆ ಒಣಗಿದರೆ ಯಾವ ಮರಿ ಬದುಕೀತು? ಇಂದಿನ ಹಡಗು ಒಮ್ಮೆ ನೀರಿಗಿಳಿದರೆ ಐದು ವರುಷ ಒಣ ಗೋದಿಯ ಮುಖ ಕಾಣದೆ ಇರುವುದುಂಟು. ಅಜ್ಜನ ಮದ್ದು ಅಜ್ಜನ ದೋಣಿಗೆ ಸರಿ. ಅದನ್ನೇ ಎಪ್ಪತ್ತು ಸಾವಿರ ಟನ್ನಿನ ಹಡಗಿಗೆ ಬಳಿಯಿರೆಂದರೆ ಅಜ್ಜನೂ ಒಪ್ಪಲಾರನು.

ಪಾಶ್ಚಾತ್ಯರು ಹಿಡಿದ ಹಾದಿ ತಾಮ್ರದ್ದು. ೧೭೬೧ರಲ್ಲಿ ಬ್ರಿಟಿಷ್ ನೌಕಾಪಡೆಯವರು ಅಲಾರ್ಮ್ ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿದರು. ಚಿಪ್ಪು ಅಂಟಲಿಲ್ಲ, ಮರ ಕೊರೆಯುವ ಹುಳುವಿನ ಕಾಟವೂ ತಪ್ಪಿತು; ಆದರೆ ತಾಮ್ರದ ಸಂಗದಿಂದ ಕಬ್ಬಿಣದ ಮೊಳೆಗಳು ತಿಂದುಹೋದವು. ಮೊಳೆಯ ತೊಂದರೆಯನ್ನು ಹೇಗೋ ನೀಗಿಸಿಕೊಂಡರು. ಮುಂದೆ ತಾಮ್ರವೇ ಸವೆದುಹೋಗುತ್ತದೆಂಬ ದೂರು ಬಂದಾಗ, ೧೮೨೪ರಲ್ಲಿ ಸರ್ ಹಂಫ್ರಿ ಡೇವಿ ಎಂಬ ರಸಾಯನಶಾಸ್ತ್ರಜ್ಞನು ತಗಡಿಗೆ ಅಲ್ಲಲ್ಲಿ ಸತುವಿನ ಇಲ್ಲವೆ ಕಬ್ಬಿಣದ ತುಂಡುಗಳನ್ನು ಜೋಡಿಸಿದನು. ಜಾಣ ಉಪಾಯ! ತಾಮ್ರ ಸವೆಯುವುದು ನಿಂತೇಹೋಯಿತು. ಆದರೆ ಹಡಗು ತಿರುಗಿ ಬಂದಾಗ ನೋಡಿದರೆ ತಳದ ತುಂಬ ಚಿಪ್ಪು, ಪಾಚಿ. ತಾಮ್ರವು ಕರಗಿ ನೀರಿಗೆ ಸೇರುತ್ತಿದ್ದುದೇ ಅದರ ಕಾವಲಾಗಿತ್ತೆಂಬುದು ಆಗ ತಿಳಿಯಿತು. ಕರಗದಿದ್ದರೆ ಕಾಯುವುದಿಲ್ಲ, ಕರಗಿದರೆ ಬಹುಕಾಲ ಬಾಳುವುದಿಲ್ಲ, ಮೇಲೆ ಕಡಲಿಗೆ ವಿಷ. ಇನ್ನೂರು ವರುಷ ಕಳೆದರೂ ಈ ಗಂಟು ಬಿಚ್ಚಿಲ್ಲ. ಗಿಡದ ಸತ್ವದ ಮಾತಿಗೆ ಬಂದಾಗಲೂ ಇದೇ ಗಂಟು ಮತ್ತೆ ಕೈಗೆ ಸಿಗುತ್ತದೆ, ನೆನಪಿಡಿರಿ.

ಕಬ್ಬಿಣದ ಹಡಗುಗಳು ಬಂದ ಮೇಲೆ ತಾಮ್ರದ ಪುಡಿಯನ್ನು ಬಣ್ಣದಲ್ಲಿ ಕಲಸಿ ಬಳಿಯತೊಡಗಿದರು. ಇಂದಿಗೂ ಬಹುಪಾಲು ಹಡಗುಗಳದು ಇದೇ ಬಣ್ಣ. ೧೯೬೦ರ ದಶಕದಿಂದ ಇದಕ್ಕೊಂದು ಹೊಸ ಕೈಮದ್ದು ಕೂಡಿಕೊಂಡಿತು: ಟ್ರೈಬ್ಯುಟೈಲ್ ಟಿನ್, ಅಂದರೆ ತವರದ ಒಂದು ಸಾವಯವ ಸಂಯುಕ್ತ. ಇದರಷ್ಟು ಗುಣಕಾರಿಯಾದ ಬಣ್ಣ ಹಿಂದೆ ಇರಲಿಲ್ಲ. ಹಡಗಿನವರು ಹಿಗ್ಗಿದರು. ಆದರೆ ೧೯೭೦ರ ದಶಕದ ಕೊನೆಗೆ ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಗೋಳು ಕೇಳಿಬಂತು. ಮರಿಗಳು ನಿಲ್ಲಲೊಲ್ಲವು, ಬೆಳೆದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗೆ ಊದಿಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಂತ ವಿಹಾರದೋಣಿಗಳ ಬಣ್ಣವೇ ಕಾರಣವೆಂದು ಗೊತ್ತಾಗಿ ೧೯೮೨ರಲ್ಲಿ ಆ ಸರಕಾರ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಇಂಗ್ಲೆಂಡಿನ ತೀರದಲ್ಲಿ ಒಂದು ಜಾತಿಯ ಶಂಖುವಿನ ಹೆಣ್ಣುಗಳಿಗೆ ಗಂಡಿನ ಅಂಗ ಮೂಡಿ, ಮೊಟ್ಟೆಯಿಡುವ ದಾರಿ ಮುಚ್ಚಿಹೋಗಿ, ಅವು ಮೊಟ್ಟೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದುದು ಕಂಡುಬಂತು. ಅದಕ್ಕೆ ಎಷ್ಟು ವಿಷ ಸಾಕು? ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದು ನ್ಯಾನೋಗ್ರಾಮ್, ಎಂದರೆ ಹತ್ತು ಲಕ್ಷ ಟನ್ ನೀರಿಗೆ ಒಂದು ಗ್ರಾಮ್ ಸೇರಿದರೆ ಈ ವಿಕಾರ ತೊಡಗುವುದು. ನಮ್ಮ ದೇಶದ ಬಂದರುಗಳ ಬಳಿಯೂ ಇಂಥ ಶಂಖುಗಳು ಸಿಕ್ಕಿವೆ. ೨೦೦೧ರಲ್ಲಿ ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಂಡು, ಅದು ೨೦೦೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಹಾಗೆ ಆ ಬಣ್ಣ ಹಡಗುಗಳಿಂದ ಇಳಿಯಿತು.

ಇಳಿಸಿದವರು ಯಾರು? ಒಪ್ಪಂದಕ್ಕೆ ರುಜು ಹಾಕಿದವರಲ್ಲ. ಒಣ ಗೋದಿಯಲ್ಲಿ ನಿಂತು ಹಳೆಯ ಬಣ್ಣವನ್ನು ತಿಕ್ಕಿ ಉದುರಿಸಿದವರು ನಮ್ಮಂಥವರೇ. ಮೂಗಿಗೆ ಕಟ್ಟಿಕೊಳ್ಳಲು ನಮಗೆ ಇದ್ದುದು ಮನೆಯಿಂದ ತಂದ ಹಳೆಯ ಪಂಚೆಯ ತುಂಡು. ಕಣ್ಣು ಉರಿಯುತ್ತಿತ್ತು, ಕತ್ತಿನ ಮೇಲೆ ಗುಳ್ಳೆಯೇಳುತ್ತಿತ್ತು. ಡಬ್ಬಿಯ ಮೇಲೆ ಬರೆದುದನ್ನು ಓದಿ ಹೇಳುವವರು ಇರಲಿಲ್ಲ. ಶಂಖುವಿಗೆ ಆದುದನ್ನು ಬರೆದಿಟ್ಟ ವಿದ್ವಾಂಸರಿದ್ದರು, ನಮ್ಮ ಉಬ್ಬಸವನ್ನು ಬರೆದಿಟ್ಟವರಿಲ್ಲ. ಯಾರ ಮೇಲೂ ಹಗೆಯಿಂದ ಈ ಮಾತನ್ನಾಡುತ್ತಿಲ್ಲ. ಮುಂದೆ ಬರುವ ಬಣ್ಣ ಯಾವುದೇ ಇರಲಿ, ಅದನ್ನು ಬಳಿಯುವವನ ಪುಪ್ಪುಸವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳುವ ಹಕ್ಕು ನಮಗೆ ಇದೆಯೆಂದಷ್ಟೇ ನಮ್ಮ ಅಭಿಪ್ರಾಯ.

ಹೀಗೆ ತವರ ಹೋಯಿತು, ತಾಮ್ರದ ಮೇಲೂ ಕಣ್ಣು ಬಿದ್ದಿದೆ. ಆದುದರಿಂದ ಗಿಡಮರಗಳ ಕಡೆಗೆ ವಿಜ್ಞಾನಿಗಳು ತಿರುಗಿದರು. ಅವರ ತರ್ಕ ಸರಳ. ಗಿಡ ಓಡಲಾರದು, ಹೊಡೆದಾಡಲಾರದು. ಹುಳು, ಬೂಷ್ಟು, ಬ್ಯಾಕ್ಟೀರಿಯ ಇವುಗಳಿಂದ ತನ್ನ ಮೈಯನ್ನು ಕಾದುಕೊಳ್ಳಲು ಅದು ರಸಾಯನಗಳನ್ನೇ ನಂಬಿದೆ. ಕಡಲಿನೊಳಗೆ ಬೆಳೆಯುವ ಗಿಡಕ್ಕಾದರೆ ಹಡಗಿಗೆ ಇರುವ ತೊಂದರೆಯೇ ಇದೆ. ಜೋಸ್ಟೆರಾ ಎಂಬ ಕಡಲಹುಲ್ಲಿನ ಗರಿಗಳು ಸಾಕಷ್ಟು ಚೊಕ್ಕಟವಾಗಿರುವುದನ್ನು ಕಂಡು, ಅಮೆರಿಕದಲ್ಲಿ ಅದರಿಂದ ಜೋಸ್ಟೆರಿಕ್ ಆಮ್ಲವೆಂಬುದನ್ನು ಬೇರ್ಪಡಿಸಿ ೧೯೯೩ರಲ್ಲಿ ಫಲವನ್ನು ಪ್ರಕಟಿಸಿದರು. ದಾಲ್ಚಿನ್ನಿಯ ಘಮಕ್ಕೆ ಕಾರಣವಾದ ವಸ್ತುವಿನ ನೆಂಟಸ್ತಿಕೆ ಇದಕ್ಕುಂಟು. ಇದರ ವೈಶಿಷ್ಟ್ಯವೇನೆಂದರೆ, ಬ್ಯಾಕ್ಟೀರಿಯವನ್ನೂ ಬಾರ್ನಕಲ್ಲಿನ ಮರಿಯನ್ನೂ ಕೊಲ್ಲದೆ ಅಂಟಿಕೊಳ್ಳದಂತೆ ಮಾತ್ರ ಮಾಡುವುದು. ಮನೆಗೆ ಬಂದವನನ್ನು ಹೊಡೆಯದೆ, ಬಾಗಿಲಿಗೆ ಎಣ್ಣೆ ಸವರಿ ಜಾರಿಸಿದಂತೆ! ಆದರೆ ಡೇವಿಯ ಗಂಟು ಇಲ್ಲಿಯೂ ಬಂತು. ಈ ಆಮ್ಲ ನೀರಿನಲ್ಲಿ ಬಲು ಬೇಗ ಕರಗುತ್ತದೆ. ಬಣ್ಣದಲ್ಲಿ ಕಲಸಿದರೆ ಚಹಕ್ಕೆ ಹಾಕಿದ ಸಕ್ಕರೆಯಂತೆ ಹೊರಟುಹೋಗುವುದು.

ಆಸ್ಟ್ರೇಲಿಯದಲ್ಲಿ ಡೆಲಿಸಿಯ ಎಂಬ ಕೆಂಪು ಕಡಲಪಾಚಿಯನ್ನು ಪರೀಕ್ಷಿಸಿದವರು ಇನ್ನೂ ವಿಚಿತ್ರವಾದುದನ್ನು ಕಂಡರು. ಪಾಚಿಯನ್ನು ಗಿಡವೆನ್ನಬಹುದೇ ಎಂಬ ತಕರಾರನ್ನು ಪಂಡಿತರಿಗೆ ಬಿಡೋಣ. ಬ್ಯಾಕ್ಟೀರಿಯಗಳು ಒಂದು ಬಗೆಯ ರಾಸಾಯನಿಕ ಸಂಕೇತಗಳ ಮೂಲಕ ತಮ್ಮ ಸಂಖ್ಯೆಯನ್ನು ಅರಿತುಕೊಂಡು ಒಗ್ಗೂಡುತ್ತವೆ. ಈ ಪಾಚಿಯ ಫ್ಯುರನೋನ್ ಎಂಬ ದ್ರವ್ಯಗಳು ಆ ಸಂಕೇತವನ್ನೇ ಕೆಡಿಸುತ್ತವೆ. ಪರಸ್ಪರ ಮಾತೇ ಕೇಳದಿದ್ದರೆ ಸಂಘ ಕಟ್ಟುವುದೆಂತು? (ಇದು ಕನ್ನಡ ಸಂಘಗಳಿಗೂ ಅನ್ವಯಿಸುತ್ತದೆಂದು ಅಧ್ಯಕ್ಷರು ನಗುತ್ತಿದ್ದಾರೆ.)

ತೊಗಟೆಯ ಒಗರಿನ ಮಾತನ್ನು ಹಿಂದೆ ಹೇಳಿದೆವಷ್ಟೆ. ಅದೇ ಟ್ಯಾನಿನ್. ಅರ್ಜೆಂಟೀನಾ ದೇಶದ ಲಾ ಪ್ಲಾಟಾದ ಸಂಶೋಧಕರು ೨೦೦೩ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಮರಗಳಿಂದ ತೆಗೆದ ಟ್ಯಾನಿನ್ನು ಬಾರ್ನಕಲ್ಲಿನ ಮರಿಗಳಿಗೆ ಮಂಪರು ಬರಿಸುವುದೆಂದೂ, ಶುದ್ಧ ನೀರಿಗೆ ಬಿಟ್ಟರೆ ಅವು ಚೇತರಿಸಿಕೊಳ್ಳುವುವೆಂದೂ ತೋರಿಸಿದರು. ನೀರಿನಲ್ಲಿ ಕರಗಿಹೋಗದಂತೆ ಅದನ್ನು ಅಲ್ಯುಮಿನಿಯಮಿನಂಥ ಲೋಹದೊಡನೆ ಬೆಸೆದು ಬಣ್ಣಕ್ಕೆ ಸೇರಿಸಿದರು. ಬಲೆಗೆ ಕಷಾಯ ಕುಡಿಸಿದ ನಮ್ಮ ಅಜ್ಜಿಯರಿಗೆ ಇದು ಕೇಳಿಸಿದ್ದರೆ ಅರ್ಧ ಮಾತಿಗೇ ಅರ್ಥವಾಗುತ್ತಿತ್ತು. ಇನ್ನು ಮೆಣಸಿನಕಾಯಿ! ಅದರ ಖಾರದ ಸತ್ವವನ್ನು ಬೆರೆಸಿದ ಬಣ್ಣಕ್ಕೆ ೧೯೯೦ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದರು. ಇದನ್ನು ಕೇಳಿದ ನಮ್ಮ ಧಾರವಾಡದ ಗೆಳೆಯರೊಬ್ಬರು, ಹಾಗಾದರೆ ಬ್ಯಾಡಗಿಗೆ ಒಳ್ಳೆಯ ಕಾಲ ಬಂತು ಎಂದರು. ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ. ಹಡಗು ಕೆಂಪಗೆ ಕಂಡೀತು, ಚಿಪ್ಪು ಹೆದರಲಿಕ್ಕಿಲ್ಲ ಎಂದು ನಾವು ಸಮಾಧಾನ ಹೇಳಬೇಕಾಯಿತು.

ನಮಗೆ ಇವೆಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಗೇರುಸಿಪ್ಪೆಯ ಎಣ್ಣೆಯಲ್ಲಿ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಕಾಯಿಸಿದಾಗ ಕಾರ್ಡನಾಲ್ ಆಗುತ್ತದೆ. ಇದು ತಾನೇ ಬೆಸೆದುಕೊಂಡು ಗಟ್ಟಿಯಾದ ಅರಗಿನಂತಾಗಬಲ್ಲದು, ಬಣ್ಣದ ಮೈಯೂ ಆಗಬಲ್ಲದು. ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವೂ ಅದಕ್ಕಿದೆ. ಎಲ್ಲಕ್ಕಿಂತ ಮಿಗಿಲಾಗಿ ಅದು ಕಾರ್ಖಾನೆಯ ಉಪೋತ್ಪನ್ನ. ತಿರುಳನ್ನು ನಾವು ತಿಂದ ಮೇಲೆ ಉಳಿದ ಸಿಪ್ಪೆಯದು. ಒಂದು ಮರವನ್ನೂ ಕಡಿಯಬೇಕಾಗಿಲ್ಲ. ಮಂಗಳೂರಿನ ಗೇರು ಕಾರ್ಖಾನೆಗಳಲ್ಲಿ ಬೀಜ ಒಡೆದು ಕೈ ಕಪ್ಪಾದ ಹೆಣ್ಣುಮಕ್ಕಳಿಗೆ ಅದರ ಉರಿಯೂ ಗೊತ್ತು ಎಂಬುದನ್ನೂ ಇಲ್ಲೇ ಸೇರಿಸಬೇಕು.

ಮರ ಕಡಿಯುವ ಮಾತನ್ನು ಎತ್ತಿದುದಕ್ಕೆ ಕಾರಣವಿದೆ. ಗಿಡದಿಂದ ಬಂದುದೆಲ್ಲ ಸೌಮ್ಯವೆಂಬ ಭ್ರಮೆ ಇಂದು ಪೇಟೆಯಲ್ಲಿ ಹಬ್ಬಿದೆ. ಘಟ್ಟದ ಕೆಳಗಿನವರನ್ನು ಕೇಳಿರಿ. ಕಾಕಮಾರಿಯ ಕಾಯನ್ನು ಅರೆದು ಹೊಳೆಯ ಗುಂಡಿಗೆ ಕದಡಿದರೆ ಮೀನೆಲ್ಲ ಮತ್ತೇರಿ ಹೊಟ್ಟೆ ಮೇಲಾಗಿ ತೇಲುತ್ತವೆ. ಅದೂ ಗಿಡವೇ. ಅದನ್ನು ಬಣ್ಣಕ್ಕೆ ಹಾಕಿ ಪ್ರಕೃತಿಸ್ನೇಹಿ ಎಂದು ಚೀಟಿ ಅಂಟಿಸಿದರೆ ತವರದ ಕಥೆಯೇ ಮರಳಿ ಬಂದೀತು. ಅದಕ್ಕೆಂದೇ ಪ್ರಯೋಗಶಾಲೆಗಳಲ್ಲಿ ಎರಡು ಅಳತೆ ಮಾಡುತ್ತಾರೆ. ಅರ್ಧದಷ್ಟು ಮರಿಗಳು ಅಂಟದಂತೆ ಮಾಡಲು ಎಷ್ಟು ಬೇಕು, ಅರ್ಧದಷ್ಟನ್ನು ಕೊಲ್ಲಲು ಎಷ್ಟು ಬೇಕು. ಕೊಲ್ಲುವ ಅಳತೆ ತಡೆಯುವ ಅಳತೆಗಿಂತ ಹಲವು ಪಟ್ಟು ಹೆಚ್ಚಿದ್ದರೆ ಆ ವಸ್ತು ಲೇಸು. ಎರಡೂ ಹತ್ತಿರ ಹತ್ತಿರವಿದ್ದರೆ ಅದು ತಡೆಯುವುದಲ್ಲ, ಕೊಲ್ಲುವುದೇ. ಯುರೋಪಿನ ಕಾನೂನಿನಲ್ಲಂತೂ ಇಂಥ ಕೆಲಸಕ್ಕೆಂದು ಬಣ್ಣಕ್ಕೆ ಸೇರಿಸಿದ ವಸ್ತು ಗಿಡದ್ದಾದರೂ ಲೋಹದ್ದಾದರೂ ಒಂದೇ ಪರೀಕ್ಷೆಯ ಮುಂದೆ ನಿಲ್ಲಬೇಕು. ಅದು ಸರಿಯೆಂದೇ ನಮಗೆ ತೋರುವುದು.

ಒಂದು ಉದಾಹರಣೆ ನಮಗೆ ಬಹಳ ಹತ್ತಿರದ್ದು. ಸಹ್ಯಾದ್ರಿಯ ಕಾಡುಗಳಲ್ಲಿ ಒಂದು ಸಣ್ಣ ಮರವುಂಟು. ಅದರ ವಾಸನೆಗಾಗಿ ನಮ್ಮವರು ದುರ್ವಾಸನೆಮರವೆಂದೂ ಮಹಾರಾಷ್ಟ್ರದವರು ನರಕ್ಯಾ ಎಂದೂ ಕರೆಯುವರು. ಅದರೊಳಗೆ ಕ್ಯಾಂಪ್ಟೊಥೆಸಿನ್ ಎಂಬ ಕ್ಷಾರವಸ್ತುವಿದೆ. ಈ ವಸ್ತುವನ್ನು ಚೀನಾದ ಒಂದು ಮರದಿಂದ ೧೯೬೬ರಲ್ಲಿ ಮೊದಲು ಬೇರ್ಪಡಿಸಿದವರು ಅಮೆರಿಕದಲ್ಲಿದ್ದ ಮನ್ರೋ ವಾಲ್ ಮತ್ತು ಮನ್‌ಸುಖ್ ವಾನಿ. ವಾನಿಯವರು ಇದೇ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿದವರು. ೧೯೭೨ರಲ್ಲಿ ನಮ್ಮ ನರಕ್ಯಾದಲ್ಲಿಯೂ ಅದೇ ವಸ್ತುವಿದೆಯೆಂದು ತಿಳಿಯಿತು. ಅದರಿಂದ ಅರ್ಬುದರೋಗಕ್ಕೆ ಮದ್ದುಗಳಾದವು, ಎಷ್ಟೋ ಜೀವ ಉಳಿದವು. ಆದರೆ ಮರದ ಗತಿ? ಬೇರು ಸಹಿತ ಕಿತ್ತು, ಕೊಚ್ಚಿ, ಮೂಟೆ ಕಟ್ಟಿ ಸಾಗಿಸಿದರು. ಎಷ್ಟೋ ಕಡೆ ಈಗ ಹುಡುಕಿದರೂ ಸಿಗದು. ಇತ್ತೀಚೆಗೆ, ೨೦೧೮ರಲ್ಲಿ, ಚೀನಾದ ಶ್ಯಾಮೆನ್ ವಿಶ್ವವಿದ್ಯಾಲಯದವರು ಇದೇ ಕ್ಯಾಂಪ್ಟೊಥೆಸಿನನ್ನು ಹಡಗಿನ ಬಣ್ಣದಲ್ಲಿ ಕಲಸಿ, ಸಮುದ್ರದಲ್ಲಿ ಇಳಿಬಿಟ್ಟು, ಚಿಪ್ಪು ಚೆನ್ನಾಗಿ ತಡೆಯುತ್ತದೆಂದು ಪ್ರಕಟಿಸಿದರು. ಆ ವರದಿಯ ಸಾರವನ್ನು ಕೇಳಿದಾಗ ನಮಗೆ ಸಂತೋಷಕ್ಕಿಂತ ಮೊದಲು ಎದೆ ಝಲ್ಲೆಂದಿತು. ಮದ್ದಿಗೆ ಬೇಕಾಗುವುದು ಗ್ರಾಮುಗಳ ಲೆಕ್ಕದಲ್ಲಿ. ಒಂದು ದೊಡ್ಡ ಹಡಗಿನ ತಳಕ್ಕೆ ಬೇಕಾಗುವ ಬಣ್ಣ ಸಾವಿರಾರು ಲೀಟರು. ಗ್ರಾಮುಗಳ ಬೇಡಿಕೆಗೇ ಬರಿದಾದ ಕಾಡು ಟನ್ನುಗಳ ಬೇಡಿಕೆಗೆ ಉಳಿಯುವುದುಂಟೇ? ಜೀವಕೋಶಗಳು ಬೆಳೆಯದಂತೆ ತಡೆಯುವ ಆ ವಸ್ತುವಿನ ಧೂಳು ಒಣ ಗೋದಿಯಲ್ಲಿ ತಿಕ್ಕುವವನ ಮೂಗಿಗೆ ಹೋದರೆ ಏನಾದೀತು? ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸಬಹುದು, ತೋಟ ಬೆಳೆಸಬಹುದು ಎನ್ನುವರು. ಬೆಳೆಸಲಿ. ಬೆಳೆದ ಮೇಲೆ ಬಣ್ಣದ ಮಾತು.

ಗಾಜಿನ ಬಟ್ಟಲಿನಲ್ಲಿ ಗೆದ್ದ ಸತ್ವ ಕಡಲಿನಲ್ಲಿ ಸೋಲುವುದೇಕೆ ಎಂಬುದನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಒಂದು ಸತ್ವ ಬಾರ್ನಕಲ್ಲಿಗೆ ನಾಟಿದರೆ ಪಾಚಿಗೆ ನಾಟದು. ಕೆಲವು ಬಲು ಬೇಗ ಕರಗುತ್ತವೆ, ಕೆಲವು ಬಣ್ಣದೊಳಗೇ ಕೆಟ್ಟುಹೋಗುತ್ತವೆ. ತಂಪು ದೇಶದ ಕಡಲಿನಲ್ಲಿ ಚಳಿಗಾಲಕ್ಕೆ ಚಿಪ್ಪಿನ ಕಾಟ ತಗ್ಗುವುದು. ನಮ್ಮಲ್ಲಿ ವರುಷದ ಹನ್ನೆರಡು ತಿಂಗಳೂ ಸುಗ್ಗಿ. ಅಲ್ಲಿ ತೇರ್ಗಡೆಯಾದ ಬಣ್ಣ ಇಲ್ಲಿ ನಪಾಸಾಗುವುದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದ ನಮ್ಮ ನೀರಿನಲ್ಲೇ ಹಲಗೆ ಇಳಿಬಿಟ್ಟು ನೋಡುವ ಸಂಸ್ಥೆಗಳು ಮುಖ್ಯ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ, ಇಲ್ಲೇ ಅಂಬರನಾಥದ ನೌಕಾ ಪ್ರಯೋಗಾಲಯ, ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಇವನ್ನು ಹೆಸರಿಸಬಹುದು. ಬೆಂಗಳೂರಿನ ಮರವಿಜ್ಞಾನ ಸಂಸ್ಥೆಯವರು ಕಡಲಿಲ್ಲದ ಊರಿನಲ್ಲಿದ್ದುಕೊಂಡೂ ವಿಶಾಖಪಟ್ಟಣದಲ್ಲಿ ಒಂದು ಕೇಂದ್ರವಿಟ್ಟುಕೊಂಡು ಕಡಲಿನಲ್ಲಿ ಮರ ಕೆಡುವ ಬಗೆಯನ್ನು ಅಭ್ಯಸಿಸಿದ್ದಾರೆ.

ಗಿಡದ ಸತ್ವ ಈಗಾಗಲೇ ಹಡಗಿನ ಬಣ್ಣದೊಳಗೆ ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ತಾಮ್ರದ ಪುಡಿಯನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಡುವ ಅಂಟಾಗಿ ಬಹುಕಾಲದಿಂದ ಬಳಸುತ್ತಿರುವುದು ಪೈನ್ ಮರದ ರಾಳವನ್ನೇ. ಅಜ್ಜನ ರಾಳ ಹೀಗೆ ಹಿಂಬಾಗಿಲಿನಿಂದ ಬಂದು ಕುಳಿತಿದೆ.

ನಮ್ಮ ಎಣಿಕೆಯಲ್ಲಿ ಗಿಡದ ಸತ್ವಗಳು ಮೊದಲು ಗೆಲ್ಲುವುದು ಐದು ವರುಷ ನೀರಿನಲ್ಲಿರುವ ದೊಡ್ಡ ಹಡಗಿನಲ್ಲಲ್ಲ. ಕೆಲವು ತಿಂಗಳು ತಡೆದರೆ ಸಾಕೆನ್ನುವ ಕಡೆಯಲ್ಲಿ: ಮೀನುಗಾರರ ಸಣ್ಣ ದೋಣಿ, ಬಲೆ, ಮೀನು ಸಾಕುವ ಪಂಜರ. ಕಾರವಾರದ ಕಡಲಿನಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಪಂಜರಗಳನ್ನು ತೇಲಿಬಿಟ್ಟು ಮೀನು ಸಾಕುವುದನ್ನು ತೋರಿಸಿಕೊಟ್ಟಿದ್ದಾರೆ. ಆ ಪಂಜರದ ಬಲೆಯ ಕಣ್ಣುಗಳಿಗೆ ಪಾಚಿ, ಚಿಪ್ಪು ಕಟ್ಟಿದರೆ ನೀರು ಹಾಯದು, ಒಳಗಿನ ಮೀನಿಗೆ ಉಸಿರು ಕಟ್ಟುವುದು. ಬಲೆ ತೆಗೆದು ತಿಕ್ಕಿ ಒಣಗಿಸಿ ಮತ್ತೆ ಕಟ್ಟಬೇಕು. ಒಳಗಿರುವುದು ನಾವು ತಿನ್ನುವ ಮೀನಾದ್ದರಿಂದ ಅಲ್ಲಿ ತಾಮ್ರ ಸುರಿಯಲು ಮನಸ್ಸು ಒಪ್ಪದು. ಗೇರುಸಿಪ್ಪೆಯೋ ತೊಗಟೆಯ ಒಗರೋ ಮೂರು ತಿಂಗಳು ಆ ಬಲೆಯನ್ನು ಕಾಯ್ದರೂ ನಮ್ಮ ಊರಿನ ಒಬ್ಬ ಸಾಕಣೆಗಾರನಿಗೆ ಅದು ದೊಡ್ಡ ಉಪಕಾರ.

ಭಾಷಣ ಮುಗಿದ ಮೇಲೆ ಒಬ್ಬ ತಾಯಂದಿರು ಎದ್ದು, ಬಂದರಿನ ಕಂಬಗಳಿಗೆ ಕಟ್ಟಿರುವ ಪಚ್ಚಿಲೆಯನ್ನು ಕೆಲವರು ಕಿತ್ತು ಮಾರುತ್ತಾರಲ್ಲ, ತಿನ್ನಬಹುದೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯಾದುದರಿಂದ ಉತ್ತರವನ್ನೂ ಇಲ್ಲಿ ಸೇರಿಸಿದ್ದೇವೆ. ಪಚ್ಚಿಲೆ ಹಗಲಿರುಳು ನೀರನ್ನು ಸೋಸುವ ಪ್ರಾಣಿ. ನೀರಿನಲ್ಲಿರುವ ತಾಮ್ರ, ತವರ, ಎಣ್ಣೆ ಎಲ್ಲವೂ ಅದರ ಮೈಯಲ್ಲಿ ಕೂಡಿಕೊಳ್ಳುತ್ತವೆ, ಬೇಯಿಸಿದರೂ ಲೋಹ ಹೋಗದು. ಹಡಗು ನಿಲ್ಲುವ ಕಡೆಯದನ್ನು ಮುಟ್ಟಬೇಡಿರಿ. ಊರಿಗೆ ಹೋದಾಗ ತೆರೆದ ಕಡಲಿನ ಬಂಡೆಯಿಂದ ತಂದುದನ್ನು ತೆಂಗಿನಕಾಯಿ ಅರೆದು ಪದಾರ್ಥ ಮಾಡಿ ತಿನ್ನಿರಿ. ಸಾಧ್ಯವಾದರೆ ನಮ್ಮನ್ನೂ ಕರೆಯಿರಿ.